ಕಾಯಿಲೆಬಿದ್ದ ಕಾಡುಪ್ರಾಣಿ ಮನೆಯ ಹತ್ತಿರ ಬಂದರೆ

ನಮ್ಮ ಅತ್ತಿಬೆಲೆಯ ಸುತ್ತ ಈಗ ಎಲ್ಲಿ ನೋಡಿದರೂ ಕಾರ್ಖಾನೆ, ಬಡಾವಣೆ, ಬಾಡಿಗೆ ಮನೆಗಳ ಸಾಲು. ಹಾಗೆಂದು ಕಾಡು ನಮ್ಮಿಂದ ದೂರ ಹೋಗಿಲ್ಲ. 1974ರಲ್ಲಿ ಘೋಷಣೆಯಾದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ಭಾಗ ನಮ್ಮ ಆನೇಕಲ್ ತಾಲ್ಲೂಕಿನಲ್ಲೇ ಇದೆ. ಕೆರೆಯಂಗಳ, ನೀಲಗಿರಿ ತೋಪು, ಪೊದೆ ಬೆಳೆದ ಖಾಲಿ ಸೈಟುಗಳಲ್ಲಿ ನರಿ, ಮುಂಗುಸಿ, ಪುನುಗು ಬೆಕ್ಕುಗಳು ಇರುತ್ತವೆ. ಕೋತಿಗಳಂತೂ ನಮ್ಮ ನೀರಿನ ಟ್ಯಾಂಕಿನ ಮೇಲೇ ಸಂಸಾರ ಹೂಡಿವೆ. ಇವುಗಳಲ್ಲಿ ಒಂದು ಕಾಯಿಲೆಬಿದ್ದು ಕಾಂಪೌಂಡಿನೊಳಗೆ ಬಂದು ಮಲಗಿದರೆ ನೀರು ಕುಡಿಸಲು ಹೋಗುವವರೂ ಇದ್ದಾರೆ, ಕಲ್ಲು ಹೊಡೆದು ಓಡಿಸುವವರೂ ಇದ್ದಾರೆ. ಎರಡೂ ಅಪಾಯವೇ.

ಮೊದಲು ಒಂದು ಮುಖ್ಯ ವಿಷಯ ತಿಳಿದುಕೊಳ್ಳೋಣ. ಕಾಡುಪ್ರಾಣಿಗೆ ಮನುಷ್ಯನನ್ನು ಕಂಡರೆ ಭಯ. ಆ ಭಯವೇ ಅದರ ಆರೋಗ್ಯದ ಗುರುತು. ರಾತ್ರಿ ಮಾತ್ರ ಓಡಾಡುವ ನರಿ ಹಾಡಹಗಲಲ್ಲಿ ಬೀದಿಯ ನಡುವೆ ನಿಂತಿದ್ದರೆ, ಜನರನ್ನು ಕಂಡರೂ ಸರಿಯದೆ ಇದ್ದರೆ, ಹತ್ತಿರ ಬಂದು ಸುಮ್ಮನೆ ನೋಡಿದರೆ "ಪಾಪ, ಎಷ್ಟು ಸಾಧು" ಎಂದುಕೊಳ್ಳಬೇಡಿ. ರೇಬಿಸ್ ಅಂದರೆ ಜೊಲ್ಲು ಸುರಿಸುತ್ತಾ ಅಟ್ಟಿಸಿಕೊಂಡು ಬರುವ ಪ್ರಾಣಿ ಎಂದಷ್ಟೇ ನಮ್ಮ ಜನ ತಿಳಿದಿದ್ದಾರೆ. ಆದರೆ ಈ ರೋಗದಲ್ಲಿ ಇನ್ನೊಂದು ರೀತಿಯೂ ಇದೆ. ಪ್ರಾಣಿ ಮಂಕಾಗಿ ಮೂಲೆ ಸೇರುತ್ತದೆ, ಹಿಂಗಾಲು ಎಳೆಯುತ್ತದೆ, ಕೆಳದವಡೆ ಜೋತುಬೀಳುತ್ತದೆ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿದಂತೆ ಕಾಣುತ್ತದೆ. ಅದನ್ನು ತೆಗೆಯಲು ಕೈ ಹಾಕಿದವರ ಕೈಗೆ ಜೊಲ್ಲು ತಾಗುತ್ತದೆ. ಡಿಸ್ಟೆಂಪರ್ ಎಂಬ ಇನ್ನೊಂದು ಕಾಯಿಲೆಯಲ್ಲೂ ನರಿಗಳು ಹೀಗೇ ತೂರಾಡುತ್ತವೆ. ಅದು ಮನುಷ್ಯರಿಗೆ ಬರುವುದಿಲ್ಲ. ಆದರೆ ಯಾವುದು ಯಾವ ಕಾಯಿಲೆ ಎಂದು ಕಣ್ಣಿನಿಂದ ನೋಡಿ ಹೇಳಲು ಪಶುವೈದ್ಯರಿಗೂ ಆಗುವುದಿಲ್ಲ, ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು. ಆದ್ದರಿಂದ ಇಂತಹ ಪ್ರಾಣಿ ಕಂಡರೆ ರೇಬಿಸ್ ಎಂದೇ ಭಾವಿಸಿ ದೂರ ಉಳಿಯುವುದು ಕ್ಷೇಮ.

ಮಕ್ಕಳನ್ನೂ ಸಾಕುನಾಯಿಯನ್ನೂ ಒಳಗೆ ಕರೆದುಕೊಳ್ಳಿ. ಗೇಟು ಮುಚ್ಚಿ, ಆದರೆ ಪ್ರಾಣಿ ಹೊರಗೆ ಹೋಗಲು ಒಂದು ದಾರಿ ಬಿಟ್ಟಿರಿ. ಸುತ್ತ ಜನ ಸೇರಿದಷ್ಟೂ ಅದು ಗಾಬರಿಯಾಗಿ ಮೈಮೇಲೆ ಬೀಳುತ್ತದೆ. ಈಗ ಮೊಬೈಲಿನಲ್ಲಿ ಫೋಟೊ ತೆಗೆಯಲು ಹತ್ತಿರ ಹೋಗುವ ಹುಚ್ಚು ಬೇರೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಯಾವ ಪ್ರಾಣಿ, ಎಲ್ಲಿದೆ, ಹೇಗೆ ವರ್ತಿಸುತ್ತಿದೆ, ಯಾರಿಗಾದರೂ ಕಚ್ಚಿದೆಯೇ ಎಂದು ತಿಳಿಸಿ. ಹಿಡಿಯುವ ಕೆಲಸ ಅವರದು. 2023ರ ನವೆಂಬರ್ 1ರಂದು ಹೊಸೂರು ರಸ್ತೆಯ ಪಕ್ಕದ ಕೂಡ್ಲು ಬಳಿ ಚಿರತೆಯೊಂದನ್ನು ಹಿಡಿಯುವಾಗ, ಬಲೆ ಮತ್ತು ಅರಿವಳಿಕೆ ಮದ್ದು ಇದ್ದ ತಂಡದಲ್ಲೇ ಪಶುವೈದ್ಯರು ಗಾಯಗೊಂಡರು, ಚಿರತೆಯೂ ಸತ್ತಿತು. ತರಬೇತಿ ಪಡೆದವರ ಸ್ಥಿತಿಯೇ ಹೀಗಿರುವಾಗ ಗೋಣಿಚೀಲ, ದೊಣ್ಣೆ ಹಿಡಿದು ನಾವು ಮುಂದೆ ಹೋಗುವುದು ಬೇಡ. ವನ್ಯಜೀವಿಯನ್ನು ಮನೆಯಲ್ಲಿ ಇಟ್ಟುಕೊಂಡು ಸಾಕುವುದೂ, ಬಡಿದು ಕೊಲ್ಲುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಸತ್ತ ಕೋತಿಯ ವಿಷಯ

ಕರೆಂಟು ತಗುಲಿಯೋ ಕಾಯಿಲೆಯಿಂದಲೋ ಕೋತಿ ಸತ್ತರೆ ನಮ್ಮ ಕಡೆ ಅದನ್ನು ಹಾಗೇ ಬಿಡುವುದಿಲ್ಲ. ಆಂಜನೇಯನ ಸ್ವರೂಪವೆಂದು ಸ್ನಾನ ಮಾಡಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡುತ್ತಾರೆ. ಆ ಭಕ್ತಿಯ ಬಗ್ಗೆ ನಮ್ಮ ಆಕ್ಷೇಪಣೆ ಏನೂ ಇಲ್ಲ. ಬರಿಗೈಯಲ್ಲಿ ಮುಟ್ಟುವುದು, ಮಕ್ಕಳಿಂದ ನಮಸ್ಕಾರ ಮಾಡಿಸುವುದು ಮಾತ್ರ ಬೇಡ. ಅದರ ಬಾಯಿಯ ಜೊಲ್ಲು, ರಕ್ತ ನಮ್ಮ ಕೈಯ ಗಾಯಕ್ಕೆ ತಾಗಬಹುದು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಗಳ ಜನರಿಗೂ ವಿಪರೀತ ಜ್ವರ ಬಂತು. ಅದೇ ಮಂಗನ ಕಾಯಿಲೆ. ಕೋತಿಯ ಮೈಮೇಲಿನ ಉಣ್ಣೆಗಳು ಅದು ಸತ್ತ ಮೇಲೆ ಇಳಿದು ಹತ್ತಿರ ಬಂದವರನ್ನು ಕಚ್ಚುತ್ತವೆ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ಶವಪರೀಕ್ಷೆ ಮತ್ತು ಸುಡುವ ಕೆಲಸದಲ್ಲಿದ್ದವರಿಗೇ ಈ ಜ್ವರ ಬಂದಿತ್ತು. ಇದು ಮುಖ್ಯವಾಗಿ ಮಲೆನಾಡಿನ ಕಾಯಿಲೆ, ಅತ್ತಿಬೆಲೆಯವರು ಇದಕ್ಕಾಗಿ ಹೆದರಿ ಕೂರಬೇಕಾಗಿಲ್ಲ. ಆದರೆ ಕೆಲಸಕ್ಕೆಂದು ಇಲ್ಲಿಗೆ ಬಂದ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಡೆಯವರು ನಮ್ಮಲ್ಲಿ ಬಹಳ ಇದ್ದಾರೆ. ನೀವು ಊರಿಗೆ ಹೋಗಿದ್ದಾಗ ಕಾಡಿನಂಚಿನಲ್ಲಿ ಮಂಗ ಸತ್ತದ್ದು ಕಂಡರೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹಿಂತಿರುಗಿದ ಮೇಲೆ ಜ್ವರ ಬಂದರೆ ಊರಿಗೆ ಹೋಗಿದ್ದ ಸಂಗತಿಯನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಹಕ್ಕಿಗಳ ವಿಷಯ ಇಷ್ಟು ಕಠಿಣವಲ್ಲ. ಮಾಂಜಾ ದಾರಕ್ಕೆ ಸಿಕ್ಕ ಹದ್ದು, ಬಿಸಿಲಿಗೆ ಬಿದ್ದ ಗೂಬೆ ಕಂಡರೆ ದಪ್ಪ ಟವೆಲ್ ಹಾಕಿ ಮುಚ್ಚಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ನೆರಳಲ್ಲಿಡಿ. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಕೆಂಗೇರಿಯ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯವರ ವನ್ಯಜೀವಿ ಆಸ್ಪತ್ರೆ ಇದೆ. ಬಾವಲಿಯನ್ನು ಮಾತ್ರ ಟವೆಲ್ಲಿನಿಂದಲೂ ಹಿಡಿಯಬೇಡಿ. 2018ರಲ್ಲಿ ಕೇರಳದ ಕೋಳಿಕ್ಕೋಡ್ ಕಡೆ ಹರಡಿದ ನಿಪಾ ವೈರಸ್ಸಿನ ಮೂಲ ಹಣ್ಣು ತಿನ್ನುವ ಬಾವಲಿಗಳೇ.

ಕಚ್ಚಿದರೆ, ಪರಚಿದರೆ

ಚುಚ್ಚುಮದ್ದಿನ ಕೊಠಡಿಗೆ ಬರುವವರ ಗಾಯದ ಮೇಲೆ ಸುಣ್ಣ, ಖಾರದ ಪುಡಿ, ಕಾಫಿಪುಡಿ, ಹಸಿರೆಲೆಯ ರಸ ಎಲ್ಲವನ್ನೂ ನೋಡುತ್ತೇವೆ. ಸೋಪು ಹಾಕಿ ತೊಳೆದುಕೊಂಡು ಬಂದವರು ಅಪರೂಪ! ನಲ್ಲಿಯ ಕೆಳಗೆ ಗಾಯ ಹಿಡಿದು ಸೋಪಿನಿಂದ 15 ನಿಮಿಷ ಗಡಿಯಾರ ನೋಡಿಕೊಂಡು ತೊಳೆಯಿರಿ. ಸೋಪು ಈ ವೈರಸ್ಸನ್ನು ನಾಶ ಮಾಡುತ್ತದೆ. ಗಾಯವನ್ನು ಬಿಗಿಯಾಗಿ ಕಟ್ಟಬೇಡಿ, ಹೊಲಿಗೆ ಹಾಕಿಸಲು ಆತುರಪಡಬೇಡಿ, ಅದೇ ದಿನ ಆಸ್ಪತ್ರೆಗೆ ಬನ್ನಿ.

ನಾಯಿ, ಬೆಕ್ಕು ಕಚ್ಚಿದಾಗ ಅದನ್ನು 10 ದಿನ ಗಮನಿಸಬೇಕು ಎಂಬ ಮಾತು ಕೇಳಿರುತ್ತೀರಿ. ಅದು ಕಾಡುಪ್ರಾಣಿಗೆ ಅನ್ವಯಿಸುವುದಿಲ್ಲ. ಕಾಡುಪ್ರಾಣಿಯ ಯಾವ ಕಡಿತವನ್ನೇ ಆಗಲಿ, ಸಣ್ಣದಿರಲಿ ದೊಡ್ಡದಿರಲಿ, ಮೂರನೆಯ ದರ್ಜೆಯ ಅಂದರೆ ಅತಿ ಗಂಭೀರ ಗಾಯವೆಂದೇ ಲೆಕ್ಕ. ಆದ್ದರಿಂದ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಮದ್ದನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ನೋವಾಗುತ್ತದೆ, ನಿಜ. ಲಸಿಕೆ ಕೆಲಸ ಶುರುಮಾಡಲು ಕೆಲವು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಕಾಯುವುದು ಈ ಮದ್ದು. ತೋಳಿಗೆ ಹಾಕುವ ಲಸಿಕೆಯಾದರೆ 0, 3, 7, 14, 28ನೆಯ ದಿನ, ಚರ್ಮದೊಳಗೆ ಹಾಕುವುದಾದರೆ 0, 3, 7, 28ನೆಯ ದಿನ. ಹಿಂದಿನ ಕಾಲದಂತೆ ಹೊಕ್ಕುಳ ಸುತ್ತ 14 ಚುಚ್ಚುಮದ್ದು ಈಗಿಲ್ಲ. ಗರ್ಭಿಣಿಯರು, ಬಾಣಂತಿಯರು, ಹಸುಗೂಸುಗಳು ಎಲ್ಲರಿಗೂ ಹಾಕಬಹುದು, ಪಥ್ಯವೇನೂ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ.

ಎರಡು ಸೂಜಿ ಹಾಕಿಸಿಕೊಂಡು ಗಾಯ ಒಣಗಿತೆಂದು ನಿಲ್ಲಿಸಬಾರದು. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಕೆಲವರಲ್ಲಿ ವರ್ಷವೂ ದಾಟಬಹುದು. ನೀರು ಕಂಡರೆ ಬೆದರುವ ಹಂತಕ್ಕೆ ಬಂದ ಮೇಲೆ ರೋಗಿಯನ್ನು ಉಳಿಸಿಕೊಳ್ಳುವ ಔಷಧ ಇಂದಿಗೂ ಇಲ್ಲ.

ದನ ಕಟ್ಟಿರುವವರಿಗೆ ಒಂದು ಮಾತು. ನರಿ ಕಚ್ಚಿದ ಹಸುವಿನ ವಿಷಯವನ್ನು ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಕೆಲವು ವಾರಗಳ ನಂತರ ಅದು ಮೇವು ನುಂಗಲಾಗದೆ ಜೊಲ್ಲು ಸುರಿಸಿದರೆ ಬಾಯೊಳಗೆ ಕೈ ಹಾಕಿ ನೋಡಬೇಡಿ. ಈಗಾಗಲೇ ಕೈ ಹಾಕಿದ್ದರೆ ತೊಳೆದುಕೊಂಡು ಚುಚ್ಚುಮದ್ದಿಗೆ ಬನ್ನಿ, ಬರುವಾಗ ಹಸುವಿನ ವಿಷಯವನ್ನು ಚೀಟಿ ಬರೆಯುವವರಿಗೇ ಮೊದಲು ಹೇಳಿ.