ಹೃದಯಾಘಾತ ಮತ್ತು ಆಸ್ಪತ್ರೆಯ ಕಚೇರಿ ವೇಳೆ

ವಾರವೊಂದಕ್ಕೆ 168 ಗಂಟೆಗಳು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7ರಿಂದ ಸಂಜೆ 5ರವರೆಗಿನ ಅವಧಿಯನ್ನು ಕಚೇರಿ ವೇಳೆಯೆಂದು ಹಿಡಿದರೆ ಅದು 50 ಗಂಟೆಗಳು ಮಾತ್ರ. ಉಳಿದ 118 ಗಂಟೆಗಳಲ್ಲಿ ಹೃದಯಾಘಾತಕ್ಕೊಳಗಾದವರ ಗತಿಯೇನು? ಅಮೆರಿಕದ ಆಸ್ಪತ್ರೆಗಳ 1999ರಿಂದ 2002ರವರೆಗಿನ, ಒಂದು ಲಕ್ಷಕ್ಕೂ ಮಿಕ್ಕಿದ ರೋಗಿಗಳ ದಾಖಲೆಗಳನ್ನು ಇದೇ ಲೆಕ್ಕದಲ್ಲಿ ವಿಂಗಡಿಸಿ ಪರಿಶೀಲಿಸಿದ ಅಧ್ಯಯನವೊಂದು 2005ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಅಂಕಿ-ಅಂಶಗಳು ಲೆಕ್ಕಪರಿಶೋಧಕನ ಗಮನವನ್ನೂ ಸೆಳೆಯುವಂತಹವು.

ಹೃದಯದ ರಕ್ತನಾಳ ಪೂರ್ಣವಾಗಿ ಮುಚ್ಚಿದಾಗ ಚಿಕಿತ್ಸೆಗಳು ಎರಡು: ಹೆಪ್ಪನ್ನು ಕರಗಿಸುವ ಚುಚ್ಚುಮದ್ದು, ಇಲ್ಲವೇ ಬಲೂನಿನಿಂದ ನಾಳವನ್ನು ತೆರೆಯುವ ಆಂಜಿಯೊಪ್ಲಾಸ್ಟಿ. ರೋಗಿಯು ಆಸ್ಪತ್ರೆಯ ಬಾಗಿಲಿಗೆ ಬಂದ ಮೇಲೆ ಚುಚ್ಚುಮದ್ದು ದೊರೆಯಲು ಕಚೇರಿ ವೇಳೆಯಲ್ಲಿ ಸರಾಸರಿ 33.2 ನಿಮಿಷ, ಇತರ ವೇಳೆಯಲ್ಲಿ 34.3 ನಿಮಿಷ ಹಿಡಿಯುತ್ತಿತ್ತು. ಅಂದರೆ ಹೆಚ್ಚಿನ ವ್ಯತ್ಯಾಸವಿಲ್ಲ. ಆಂಜಿಯೊಪ್ಲಾಸ್ಟಿಗಾದರೋ 94.8 ನಿಮಿಷವಿದ್ದುದು 116.1ಕ್ಕೆ ಏರುತ್ತಿತ್ತು. ಅವೇಳೆಯಲ್ಲಿ ಬಂದವರಲ್ಲಿ ಆಸ್ಪತ್ರೆಯಲ್ಲೇ ಮರಣಿಸುವ ಸಂಭವ ಸುಮಾರು ಶೇ. 7ರಷ್ಟು ಅಧಿಕವಾಗಿತ್ತು.

ಕಾರಣವನ್ನು ವ್ಯಾಪಾರಸ್ಥರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಚುಚ್ಚುಮದ್ದು ಕಪಾಟಿನಲ್ಲಿರುವ ಸಿದ್ಧ ದಾಸ್ತಾನು. ಆಂಜಿಯೊಪ್ಲಾಸ್ಟಿಯು ಆರ್ಡರು ಬಂದ ಮೇಲೆ ಆರಂಭವಾಗುವ ಕೆಲಸ. ತಜ್ಞರು, ದಾದಿಯರು, ತಂತ್ರಜ್ಞರು ಮನೆಗಳಿಂದ ಬಂದು ಸೇರಬೇಕು. ಇಸಿಜಿ ತೆಗೆದ ನಂತರ ರೋಗಿಯು ಕ್ಯಾಥ್ ಲ್ಯಾಬ್ ತಲುಪುವವರೆಗಿನ ಅವಧಿ 49.1 ನಿಮಿಷದಿಂದ 69.8ಕ್ಕೆ ಬೆಳೆದದ್ದೇ ವಿಳಂಬದ ಬಹುಪಾಲು. ವೈದ್ಯರ ಕೈಚಳಕದಲ್ಲಿ ಕೊರತೆಯಿರಲಿಲ್ಲ, ಕರೆಸುವ ವ್ಯವಸ್ಥೆಯಲ್ಲಿತ್ತು.

ಪರಿಹಾರವೂ ಆಡಳಿತದ ಮಾರ್ಗದಲ್ಲಿಯೇ ದೊರೆಯಿತು. ಹೃದ್ರೋಗ ತಜ್ಞರ ಅಪ್ಪಣೆಗೆ ಕಾಯದೆ ತುರ್ತು ವಿಭಾಗದ ವೈದ್ಯರೇ ತಂಡವನ್ನು ಕರೆಸುವುದು, ಒಂದೇ ದೂರವಾಣಿ ಕರೆಯಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿಸುವುದು, 20 ನಿಮಿಷಗಳಲ್ಲಿ ಹಾಜರಾಗಬೇಕೆಂಬ ಕಟ್ಟುಪಾಡು. 2006ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿಯು ಇವನ್ನು ದೇಶವ್ಯಾಪಿ ಅಭಿಯಾನವನ್ನಾಗಿಸಿತು. 2005ರಲ್ಲಿ 96 ನಿಮಿಷವಿದ್ದ ಮಧ್ಯಾಂಕವು 2010ರ ವೇಳೆಗೆ 64ಕ್ಕೆ ಇಳಿಯಿತು. ಈ ಕ್ರಮಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿರಲಿಲ್ಲವೆಂಬುದು ಈ ಲೇಖಕನಿಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಸಂಗತಿ.

ಆದರೆ ಇದನ್ನೋದಿ ‘ಬೆಳಗಾಗಲಿ, ಆಮೇಲೆ ನೋಡೋಣ’ ಎಂದು ಯಾರೂ ಭಾವಿಸಬಾರದು. ರಾತ್ರಿ ಅಂಗಡಿಯ ಬಾಗಿಲು ಹಾಕಿ ಬಂದವರಿಗೆ ಎದೆಯುರಿ ಗ್ಯಾಸಿನಂತೆಯೇ ತೋರುತ್ತದೆ. ಸೋಡಾ ಕುಡಿದು ಮಲಗುವವರೇ ಬಹಳ. ಅವೇಳೆಯ ಆಸ್ಪತ್ರೆಯಲ್ಲಿ ಆಗುವ ನಷ್ಟ 21 ನಿಮಿಷ. 11 ಗಂಟೆಯಿಂದ ಬೆಳಿಗ್ಗೆ 7ರವರೆಗೆ ಮನೆಯಲ್ಲಿ ಕಾದರೆ 480 ನಿಮಿಷ.

ಸದಸ್ಯರು ಈ ತಿಂಗಳಲ್ಲೇ ತಮ್ಮ ಅಂಗಡಿ ಅಥವಾ ಕಾರ್ಖಾನೆಗೆ ಸಮೀಪದ ಆಸ್ಪತ್ರೆಯಲ್ಲಿ ಒಂದು ಪ್ರಶ್ನೆ ಕೇಳಬಹುದು: ಭಾನುವಾರ ರಾತ್ರಿ 2 ಗಂಟೆಗೆ ಕ್ಯಾಥ್ ಲ್ಯಾಬ್ ತಂಡವು ಎಷ್ಟು ನಿಮಿಷಗಳಲ್ಲಿ ಬರುತ್ತದೆ? ಉತ್ತರವನ್ನು ರಾತ್ರಿ ಪಾಳಿಯ ಮೇಲ್ವಿಚಾರಕರಿಗೂ ತಿಳಿಸಿ, 108ರ ಪಕ್ಕದಲ್ಲಿ ಬರೆದಿಡಬೇಕು. ಕ್ಯಾಥ್ ಲ್ಯಾಬ್ ದೂರವಿರುವ ಊರುಗಳಲ್ಲಿ, ಹೃದಯ ಜ್ಯೋತಿ ಯೋಜನೆಯನ್ವಯ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ತಾಲ್ಲೂಕು ಆಸ್ಪತ್ರೆ ಯಾವುದೆಂದೂ ವಿಚಾರಿಸಿಡಬೇಕು.