ಹಳ್ಳಿಯ ಯುವಜನರ ಏಳಿಗೆಗೆ ವಿನ್ಯಾಸ ವಿಧಾನ

ಹಳ್ಳಿಯ ಹುಡುಗ ಹುಡುಗಿಯರು ಓದು ಮುಗಿಯುತ್ತಲೇ ಪೇಟೆಯ ದಾರಿ ಹಿಡಿಯುವುದು ಹೊಸ ಮಾತಲ್ಲ. ಊರಿನಲ್ಲಿ ತಮ್ಮಿಂದ ಆಗಬೇಕಾದ ಕೆಲಸವಿದೆ ಎಂಬ ನಂಬಿಕೆ ಅವರಿಗೆ ಬಾರದಿರುವುದು ಇದಕ್ಕೆ ಒಂದು ಕಾರಣ. ಆ ನಂಬಿಕೆ ಭಾಷಣದಿಂದ ಬರುವುದಿಲ್ಲ. ಕೈಯಾರೆ ಮಾಡಿದಾಗ ಬರುತ್ತದೆ. ಇದಕ್ಕೆ ವಿನ್ಯಾಸ ವಿಧಾನ ನೆರವಾಗಬಲ್ಲದು.

ಏನಿದು ವಿಧಾನ?

ಬಳಸುವವರ ಕಷ್ಟವನ್ನು ನೋಡಿ, ಕೇಳಿ ತಿಳಿಯುವುದು. ಪರಿಹಾರವನ್ನು ಚಿತ್ರದಲ್ಲಿ ಬರೆಯುವುದು. ರಟ್ಟು, ಕಡ್ಡಿಗಳಿಂದ ಚಿಕ್ಕ ಮಾದರಿ ಮಾಡುವುದು. ತಪ್ಪು ತಿದ್ದಿದ ಮೇಲೆಯೇ ನಿಜವಾದುದನ್ನು ಕಟ್ಟುವುದು. ಮಾದರಿಯಲ್ಲಿ ತಪ್ಪಿದರೆ ಒಂದು ರಟ್ಟು ನಷ್ಟ; ಕಟ್ಟಿದ ಮೇಲೆ ತಪ್ಪು ಕಂಡರೆ ಸಾವಿರಾರು ರೂಪಾಯಿ ನಷ್ಟ.

ಒಂದು ಉದಾಹರಣೆ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಬರ್ಟೀ ಕೌಂಟಿ ಒಂದು ಬಡ ಕೃಷಿ ಪ್ರದೇಶ. 2010ರಲ್ಲಿ ಎಮಿಲಿ ಪಿಲೊಟನ್ ಮತ್ತು ಮ್ಯಾಥ್ಯೂ ಮಿಲ್ಲರ್ ಎಂಬ ಇಬ್ಬರು ವಿನ್ಯಾಸಕಾರರು ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ‘ಸ್ಟುಡಿಯೋ ಹೆಚ್’ ಎಂಬ ತರಗತಿ ತೆರೆದರು. ವಿದ್ಯಾರ್ಥಿಗಳು ಕೋಳಿಗೂಡುಗಳನ್ನು ರೂಪಿಸಿ ಕಟ್ಟಿದರು. ಗೂಡು ಚಿಕ್ಕದಾದರೂ ಅದರಲ್ಲಿ ಅಳತೆ, ಗಾಳಿ ಬೆಳಕು, ಖರ್ಚು ಎಲ್ಲದರ ಲೆಕ್ಕವಿದೆ. ಕೈ ಪಳಗಿದ ಮೇಲೆ ವಿಂಡ್ಸರ್ ಪಟ್ಟಣಕ್ಕೆ ರೈತರ ಮಾರುಕಟ್ಟೆಯ ಮಂಟಪವನ್ನು ರೂಪಿಸಿದರು. 2011ರ ಬೇಸಿಗೆ ರಜೆಯಲ್ಲಿ ಕೂಲಿ ಪಡೆದು ಅದನ್ನು ತಾವೇ ಕಟ್ಟಿದರು. ಅದೇ ವರ್ಷ ಮಾರುಕಟ್ಟೆ ತೆರೆಯಿತು.

ಆದರೆ 2012ರಲ್ಲಿ ಈ ತರಗತಿ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಹೊರಗಿನಿಂದ ಬಂದವರು ಒಂದು ದಿನ ಹೊರಡುವುದು ಸಹಜ. ಆದ್ದರಿಂದ ಕಲಿಸುವವರು ಊರಿನಲ್ಲೇ ಇರುವಂತೆ ಮೊದಲೇ ಯೋಚಿಸಬೇಕು.

ನಮ್ಮ ಊರಿನಲ್ಲಿ ಅನುಸರಿಸಬಹುದಾದ ಕ್ರಮ

1. ಯುವಕ ಸಂಘ, ಯುವತಿ ಮಂಡಳಿಯಿಂದ ಹತ್ತು ಮಂದಿಯ ತಂಡ ಮಾಡಿ. ಊರಿನ ಬಡಗಿ ಅಥವಾ ಗಾರೆ ಕೆಲಸದವರನ್ನೇ ಗುರುವಾಗಿ ಕರೆಯಿರಿ.

2. ಕುರಿದೊಡ್ಡಿ, ಕೋಳಿಗೂಡು, ಸಂತೆಯ ನೆರಳು ಇಂತಹ ಒಂದೇ ಕೊರತೆಯನ್ನು ಆರಿಸಲಿ. ಅದನ್ನು ಬಳಸುವ ಹೆಂಗಸರನ್ನೂ ಮಾತಾಡಿಸಲಿ.

3. ಎರಡು ಮೂರು ಮಾದರಿ ಮಾಡಿ ಬಳಸುವವರ ಮುಂದಿಡಲಿ. ಅವರ ಆಕ್ಷೇಪಣೆಗಳನ್ನು ಬರೆದುಕೊಂಡು ತಿದ್ದಲಿ.

4. ಖರ್ಚಿನ ಪಟ್ಟಿಯನ್ನು ತಂಡವೇ ತಯಾರಿಸಿ ಗ್ರಾಮ ಪಂಚಾಯಿತಿಗೆ ಕೊಡಲಿ.

5. ಕಟ್ಟಿದ ನಂತರ ಒಂದು ಮಳೆಗಾಲ, ಒಂದು ಬೇಸಿಗೆ ಗಮನಿಸಿ ಕುಂದು ಸರಿಪಡಿಸಲಿ.

ವಿಸ್ತರಣಾ ಕಾರ್ಯಕರ್ತರು ದಾರಿ ತೋರಿಸಬೇಕೇ ಹೊರತು ನಕ್ಷೆ ಬರೆದುಕೊಡಬಾರದು. ಹಿರಿಯರು ಮೊದಲ ಮಾದರಿ ನೋಡಿ ನಗದಿದ್ದರೆ ಅದೇ ದೊಡ್ಡ ಸಹಾಯ. ತಾನು ಕಟ್ಟಿದ ದೊಡ್ಡಿಯಲ್ಲಿ ಊರಿನ ಕುರಿ ಮಲಗುವುದನ್ನು ಕಂಡ ಹುಡುಗನಿಗೆ ಊರಿನ ಮೇಲೆ ಅಭಿಮಾನ ಹುಟ್ಟದೆ ಇರದು.