ಮಾಲ್ಗುಡಿಗೆ ಬಂದ ರೈಲು ಮತ್ತು ಹಳಿ ಕಳೆದುಕೊಂಡ ನಾವು

ವಿಜಯಪುರ ನಗರದ ಪಶ್ಚಿಮಕ್ಕೆ, ತಿಕೋಟಾ ಸೀಮೆಯಲ್ಲಿರುವ ಘೋಣಸಗಿಗೆ ರೈಲು ಮಾರ್ಗವಿಲ್ಲ. ಅಲ್ಲಿಯವರು ರೈಲು ಹತ್ತಬೇಕಾದರೆ ವಿಜಯಪುರ ನಿಲ್ದಾಣಕ್ಕೇ ಬರಬೇಕು. ಇಂಥ ಎಷ್ಟೋ ಊರುಗಳ ಮನೆಯಂಗಳಕ್ಕೆ ರೈಲನ್ನು ತಂದು ನಿಲ್ಲಿಸಿದ್ದು ದೂರದರ್ಶನ. 1986ರಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ನೆನೆದವರಿಗೆ ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ರಾಗ ಮೊದಲು ನೆನಪಾಗುತ್ತದೆ. ಅದರ ಬೆನ್ನಿಗೇ ಆ ಪುಟ್ಟ ನಿಲ್ದಾಣ. ಸೋಜಿಗದ ಸಂಗತಿಯೆಂದರೆ, ಮಾಲ್ಗುಡಿಯ ಬೀದಿಗಳೆಂದು ನಾವು ನಂಬಿದ ಆಗುಂಬೆಗೂ ರೈಲಿಲ್ಲ.

ಮಾಲ್ಗುಡಿಗೆ ರೈಲಿಲ್ಲದೆ ನಡೆಯುವಂತಿರಲಿಲ್ಲ. ಆರ್.ಕೆ. ನಾರಾಯಣ್ ಅವರ ಮನಸ್ಸಿನಲ್ಲಿ 1930ರಲ್ಲಿ ಆ ಊರು ಮೂಡಿದ್ದೇ ಒಂದು ರೈಲು ನಿಲ್ದಾಣವಾಗಿ. ಊರು ಅದರ ಸುತ್ತ ಬೆಳೆದದ್ದು ಆಮೇಲೆ. 1935ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಮುಗಿಯುವುದೂ ಗೆಳೆಯ ರಾಜಮ್‌ನನ್ನು ಕರೆದೊಯ್ಯುವ ರೈಲಿನೊಂದಿಗೆ. ಆದ್ದರಿಂದ ನಿರ್ದೇಶಕ ಶಂಕರ್ ನಾಗ್ ಊರನ್ನು ಆಗುಂಬೆಯಲ್ಲಿ ಕಂಡುಕೊಂಡರೂ ನಿಲ್ದಾಣವನ್ನು ಬೇರೆಡೆ ಹುಡುಕಬೇಕಾಯಿತು. ಅದು ಸಿಕ್ಕಿದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳಿನಲ್ಲಿ. ಹೊಸನಗರ ತಾಲ್ಲೂಕಿನ ಕಾಡಂಚಿನ ಈ ನಿಲ್ದಾಣಕ್ಕೆ ‘ಮಾಲ್ಗುಡಿ’ ಎಂಬ ಫಲಕ ಬಿತ್ತು. ಪರದೆಯ ಮೇಲೆ ಎರಡು ಊರುಗಳು ಒಂದಾದವು. ಜೋಡಣೆಯ ಗುರುತು ನೋಡುಗರಿಗೆ ತಿಳಿಯಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಬೀದಿ, ಅಂಗಡಿ, ಪ್ರತಿಮೆಗಳನ್ನು ಕಾಲಕ್ಕೆ ತಕ್ಕಂತೆ ಸಿಂಗರಿಸಲು ಕಲಾ ನಿರ್ದೇಶಕ ಜಾನ್ ದೇವರಾಜ್ ಶ್ರಮಿಸಬೇಕಾಯಿತು. ಆದರೆ ರೈಲಿಗೆ ಅಂಥ ಶ್ರಮ ಬೇಕಾಗಲಿಲ್ಲ. ಮೈಸೂರು ಸಂಸ್ಥಾನದ ಕಾಲದ ಮೀಟರ್ ಗೇಜ್ ಮಾರ್ಗ ಆಗಿನ್ನೂ ಜೀವಂತವಾಗಿತ್ತು. ರಾಜ್ಯದ ಇಂಥ ಹಳಿಗಳ ಮೇಲೆ ಉಗಿ ಎಂಜಿನ್‌ಗಳು ದಿನನಿತ್ಯ ದುಡಿಯುತ್ತಿದ್ದ ಕಾಲವದು. ತಲೆಯ ಮೇಲೆ ವಿದ್ಯುತ್ ತಂತಿಯಿಲ್ಲ, ಎತ್ತರದ ಪ್ಲಾಟ್‌ಫಾರಂ ಇಲ್ಲ. 1930ರ ದಶಕವನ್ನು ತೋರಿಸಲು ಕ್ಯಾಮರಾವನ್ನು ತಿರುಗಿಸಿದರೆ ಸಾಕಿತ್ತು. ಅದೇ 1986ರಲ್ಲಿ ಶ್ಯಾಮ್ ಬೆನೆಗಲ್ ಅವರ ‘ಯಾತ್ರಾ’ ಕೂಡ ದೂರದರ್ಶನದಲ್ಲಿ ಬಂತು. ಕನ್ಯಾಕುಮಾರಿಯಿಂದ ಜಮ್ಮುವಿಗೆ ಹೋಗುವ ಹಿಮಸಾಗರ್ ಎಕ್ಸ್‌ಪ್ರೆಸ್‌ನಲ್ಲಿ ಸಾಗುವ ಆ ಕಥೆಗೆ ಅಂದಿನ ರೈಲೇ ಬೇಕಿತ್ತು. ಮಾಲ್ಗುಡಿಗೆ ಬೇಕಿದ್ದುದು ಅರ್ಧ ಶತಮಾನದ ಹಿಂದಿನದು. ಅದೂ ಪುಕ್ಕಟೆಯಾಗಿ ಸಿಕ್ಕಿತು.

ಇಂದು ಹಾಗೆ ಸಿಗುವುದಿಲ್ಲ. ಕಾರಣ, ಹಳಿಯ ಅಗಲ. ಮೀಟರ್ ಗೇಜ್ ಎಂದರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ಬ್ರಾಡ್ ಗೇಜ್ ಎಂದರೆ 1676. ಒಂದರ ಬಂಡಿ ಇನ್ನೊಂದರ ಮೇಲೆ ಓಡದು. 1992ರಲ್ಲಿ ರೈಲ್ವೆ ಇಲಾಖೆ ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ ಕೈಗೆತ್ತಿಕೊಂಡಿತು. 1876–78ರ ಭೀಕರ ಬರದ ನಂತರ, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಗದಗ–ಹೊಟಗಿ ಮಾರ್ಗವೂ, ಅಂದರೆ ನಮ್ಮ ವಿಜಯಪುರದ ಮಾರ್ಗವೂ, ಈ ಶತಮಾನದ ಮೊದಲ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಅದೇ ಆಯಿತು. ಪರಿವರ್ತನೆ ಬೇಡವಾಗಿತ್ತೆಂದು ಯಾರೂ ಹೇಳಲಾರರು. ಗೇಜ್ ಬದಲಾಗುವಲ್ಲಿ ಸರಕನ್ನು ಒಂದು ಬಂಡಿಯಿಂದ ಇನ್ನೊಂದಕ್ಕೆ ಹೊತ್ತು ಹಾಕುತ್ತಿದ್ದ ವ್ಯಾಪಾರಿಗಳಿಗೆ ಅದರ ಬೆಲೆ ಗೊತ್ತು. ಆದರೆ ಹತ್ತು ಕಿಲೋಮೀಟರಿನಷ್ಟು ತುಂಡನ್ನಾದರೂ ಹಾಗೆಯೇ ಉಳಿಸಿಕೊಳ್ಳೋಣವೆಂಬ ಯೋಚನೆ ನಮ್ಮಲ್ಲಿ ಕೈಗೂಡಲಿಲ್ಲ.

ಬ್ರಿಟನ್ನಿನಲ್ಲಿ ಆದದ್ದು ಬೇರೆ. ಅಲ್ಲಿ ಲಾಭವಿಲ್ಲವೆಂದು ಮುಚ್ಚಿದ ಮಾರ್ಗಗಳನ್ನು ಆಸಕ್ತ ನಾಗರಿಕರೇ ಕೈಗೆತ್ತಿಕೊಂಡರು. ಸಸೆಕ್ಸ್‌ನ ಬ್ಲೂಬೆಲ್ ರೈಲ್ವೆ 1960ರಿಂದ ಹಾಗೆ ಓಡುತ್ತಿದೆ. ದುಡಿಯುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. 2010ರಿಂದ 2015ರವರೆಗೆ ಪ್ರಸಾರವಾದ ‘ಡೌನ್‌ಟನ್ ಆಬಿ’ ಧಾರಾವಾಹಿಯ ನಿಲ್ದಾಣ ಈ ಮಾರ್ಗದ ಹಾರ್ಸ್‌ಟೆಡ್ ಕೇನ್ಸ್. ಯಾರ್ಕ್‌ಷೈರಿನ ಗೋತ್‌ಲ್ಯಾಂಡ್ ನಿಲ್ದಾಣ ‘ಹಾರ್ಟ್‌ಬೀಟ್’ ಧಾರಾವಾಹಿಯಲ್ಲಿ ಏಡನ್ಸ್‌ಫೀಲ್ಡ್ ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು. ಅದು 1992ರಿಂದ 2010ರವರೆಗೆ ನಡೆಯಿತು. ಚಿತ್ರತಂಡ ಒಂದಿಡೀ ರೈಲನ್ನು ದಿನದ ಬಾಡಿಗೆಗೆ ಪಡೆಯುತ್ತದೆ. ಫಲಕ ಬದಲಿಸಿ, ಅದೇ ದೃಶ್ಯಕ್ಕಾಗಿ ಎಂಜಿನ್ನನ್ನು ಹಿಂದಕ್ಕೂ ಮುಂದಕ್ಕೂ ಎಷ್ಟು ಬಾರಿ ಬೇಕಾದರೂ ಓಡಿಸುತ್ತದೆ. ವೇಳಾಪಟ್ಟಿಯ ಹಂಗಿರುವ ಮಾರ್ಗದಲ್ಲಿ ಇದು ಸಾಧ್ಯವೇ ಇಲ್ಲ. ಬಾಡಿಗೆಯ ಹಣ ದುರಸ್ತಿಗೆ ಒದಗುತ್ತದೆ. ಧಾರಾವಾಹಿ ನೋಡಿದವರು ಮರುವರ್ಷ ಟಿಕೆಟ್ ಕೊಳ್ಳುತ್ತಾರೆ.

ಮಾದರಿ ರೈಲು ಬಳಸಬಾರದೇಕೆ ಎಂದು ಓದುಗರು ಕೇಳಬಹುದು. ಬಳಸಬಹುದು. 1984ರಲ್ಲಿ ಆರಂಭವಾದ ಮಕ್ಕಳ ಸರಣಿ ‘ಥಾಮಸ್’ ಕಾಲು ಶತಮಾನ ನಡೆದದ್ದೇ ಮಾದರಿಗಳ ಮೇಲೆ. 45 ಮಿಲಿಮೀಟರ್ ಅಗಲದ ಹಳಿಯ ಮೇಲೆ ಓಡುವ ಎಂಜಿನ್‌ಗಳು. ಕಣ್ಣುಗುಡ್ಡೆ ಹೊರಳಿಸಲು ದೂರನಿಯಂತ್ರಣ. 2009ರ ನಂತರ ಅದು ಕಂಪ್ಯೂಟರ್ ಚಿತ್ರಣಕ್ಕೆ ಹೊರಳಿತು. ಮಕ್ಕಳು ಆಟಿಕೆಯನ್ನು ಆಟಿಕೆಯೆಂದೇ ಒಪ್ಪುತ್ತಾರೆ. ದೊಡ್ಡವರ ಕಥೆಯಲ್ಲಿ ತೊಡಕು ಬೇರೆ: ಎಂಜಿನ್ನನ್ನು ಚಿಕ್ಕದಾಗಿಸಬಹುದು, ಹೊಗೆಯನ್ನೂ ನೀರನ್ನೂ ಚಿಕ್ಕದಾಗಿಸಲಾಗದು. ಪುಟ್ಟ ಚಿಮಣಿಯಿಂದ ಹೊರಟ ಹೊಗೆ ಕ್ಷಣದಲ್ಲಿ ಚದುರಿ ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕಾಗಿ ಹೆಚ್ಚು ವೇಗದಲ್ಲಿ ಚಿತ್ರೀಕರಿಸಿ ನಿಧಾನವಾಗಿ ತೋರಿಸುತ್ತಾರೆ, ಕ್ಯಾಮರಾವನ್ನು ಹಳಿಯ ಮಟ್ಟಕ್ಕೆ ಇಳಿಸುತ್ತಾರೆ. ಹಾಗಿದ್ದರೂ ನಟ ಆ ರೈಲಿನಿಂದ ಇಳಿಯಲಾರ. ಮಾಲ್ಗುಡಿಯ ರೈಲಿನಿಂದ ಜನ ಇಳಿಯುತ್ತಿದ್ದರು ಎಂಬುದೇ ಅದರ ಬಲ.

ನಮ್ಮಲ್ಲಿ ಉಳಿದಿರುವುದೇನು? ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ತೆರೆಯಿತು. ಎರಡೂ ನೋಡತಕ್ಕವು, ಆದರೆ ಅಲ್ಲಿಯ ಹಳೆಯ ಎಂಜಿನ್‌ಗಳು ನಿಂತಲ್ಲೇ ನಿಂತಿವೆ. ಉಗಿ ಎಂಜಿನ್ ಓಡುವ ಮೀಟರ್ ಗೇಜ್ ನಮಗೆ ಸಮೀಪದಲ್ಲಿರುವುದು ನೆರೆಯ ತಮಿಳುನಾಡಿನ ನೀಲಗಿರಿಯಲ್ಲಿ. ಮೇಟ್ಟುಪಾಳಯಂನಿಂದ ಉದಕಮಂಡಲದವರೆಗೆ 46 ಕಿಲೋಮೀಟರ್. 2005ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬೆಟ್ಟದ ಕಥೆಗೆ ಅದು ಒಪ್ಪುತ್ತದೆ. 1950ರ ಬಿಜಾಪುರದ ಕಥೆಯನ್ನು ಯಾರಾದರೂ ಕಿರುತೆರೆಗೆ ತರಲು ಹೊರಟರೆ? ಗೋಳಗುಮ್ಮಟದ ಹಿನ್ನೆಲೆಯಲ್ಲಿ, ಎರೆಭೂಮಿಯ ಬಯಲಿನಲ್ಲಿ ಹೊಗೆಯುಗುಳುತ್ತ ಬರುವ ಬಂಡಿಯನ್ನು ಕಂಪ್ಯೂಟರಿನಲ್ಲೇ ಬರೆಯಿಸಬೇಕು.

ಅರಸಾಳಿಗೆ ಒಂದಿಷ್ಟು ನ್ಯಾಯ ದೊರಕಿತೆನ್ನಬೇಕು. ಪಾಳುಬಿದ್ದಿದ್ದ ಹಳೆಯ ನಿಲ್ದಾಣದ ಕಟ್ಟಡವನ್ನು ನೈಋತ್ಯ ರೈಲ್ವೆ ದುರಸ್ತಿ ಮಾಡಿಸಿ 2020ರಲ್ಲಿ ‘ಮಾಲ್ಗುಡಿ ವಸ್ತುಸಂಗ್ರಹಾಲಯ’ವಾಗಿ ತೆರೆಯಿತು. ಅದನ್ನು ರೂಪಿಸಿದವರು ಧಾರಾವಾಹಿಗೆ ದುಡಿದಿದ್ದ ಅದೇ ಜಾನ್ ದೇವರಾಜ್. ಹಳೆಯ ಬೋಗಿಯೊಂದನ್ನು ಚಹಾದಂಗಡಿಯಾಗಿ ಮಾರ್ಪಡಿಸಲಾಗಿದೆ. ಶಿವಮೊಗ್ಗ–ತಾಳಗುಪ್ಪ ನಡುವಿನ ರೈಲುಗಳು ಈಗ ಪಕ್ಕದ ಬ್ರಾಡ್ ಗೇಜ್ ಹಳಿಯ ಮೇಲೆ ಓಡಾಡುತ್ತವೆ.